ಕೆಳಗಿನಿಂದ ಮೇಲಕ್ಕೆ ಓದಬೇಕಿದ್ದ ಇಪ್ಪತ್ತು ಪತ್ರಿಕೆಗಳು

ಪಕ್ಕದ ಮನೆಯ ಆಂಟಿ ಪತ್ರಿಕೆಗಳನ್ನೆಲ್ಲ ಸೆಣಬಿನ ಹುರಿಯಲ್ಲಿ ಕಟ್ಟಿ, ಮೇಲೊಂದು ಹಳೇ ಟವೆಲ್ ಹೊದಿಸಿ ಇಟ್ಟಿದ್ದರು. "ಒಂದೂ ಬಿಟ್ಟಿಲ್ಲ ಕಣಮ್ಮ. ಈ ಸಲ ಮಳೆ ಹೇಗೆ ಹೊಡೀತು ಅಂದ್ರೆ, ಗೇಟಿಗೆ ಸಿಕ್ಕಿಸಿದ ಪೇಪರ್ ನೆಂದು ತೊಪ್ಪೆ ಆಗೋದು. ಬೆಳಿಗ್ಗೆ ಹಾಲಿನ ಜೊತೆಗೇ ಎತ್ಕೊಂಡು ಬರ್ತಿದ್ದೆ" ಎಂದರು. ನಾನು ಬೆಂಗಳೂರಿನಲ್ಲಿಲ್ಲದ 2025ರ ಮೇ 18ರಿಂದ ಜೂನ್ 6ರವರೆಗೆ ಇಪ್ಪತ್ತು ದಿನ, ಇಪ್ಪತ್ತು ಪತ್ರಿಕೆ. ಕಟ್ಟು ಎತ್ತಿಕೊಂಡು ಮನೆಯೊಳಗೆ ಬಂದೆ. ಹೊರಡುವ ಮುಂಚೆ ಪತ್ರಿಕೆ ನಿಲ್ಲಿಸಲು ಹೇಳಬೇಕಿತ್ತು, ಹೇಳಿರಲಿಲ್ಲ. ಈಗ ಅನಿಸುತ್ತಿದೆ, ಹೇಳದೇ ಇದ್ದದ್ದೇ ಒಳ್ಳೆಯದಾಯಿತು.

ಸ್ನಾನ ಮಾಡಿ, ಅನ್ನಕ್ಕಿಟ್ಟು, ನೆಲದ ಮೇಲೆ ಕೂತು ಹುರಿ ಬಿಚ್ಚಿದೆ. ದಿನಕ್ಕೊಂದು ತಂದು ಒಂದರ ಮೇಲೊಂದು ಇಟ್ಟ ಕಟ್ಟು. ಹಾಗಾಗಿ ಇವತ್ತಿನದು ಎಲ್ಲಕ್ಕಿಂತ ಮೇಲೆ, ನಾನು ಹೋದ ಮರುದಿನದ್ದು ತಳದಲ್ಲಿ. ಅದನ್ನು ಮಗುಚಿ ಹಾಕಿಕೊಳ್ಳಬೇಕು ಅಂತ ಹೊಳೆಯಲಿಲ್ಲ. ಕೈಗೆ ಸಿಕ್ಕಿದ್ದನ್ನೇ ತೆಗೆದೆ.

ಜೂನ್ 6ರ ಮುಖಪುಟದಲ್ಲಿ ಚಿಕ್ಕ ಚಿಕ್ಕ ಭಾವಚಿತ್ರಗಳು. ಎಲ್ಲ ಎಳೆಯ ಮುಖಗಳು. ಏನಿದು ಅಂತ ಗೊತ್ತಾಗದೆ ಕೆಳಗಿನದನ್ನು ಎಳೆದೆ. ಜೂನ್ 5. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಎದುರು ನೂಕುನುಗ್ಗಲಲ್ಲಿ 11 ಜನ ತೀರಿಹೋಗಿದ್ದರು. ರಸ್ತೆ ತುಂಬಾ ಬಿಟ್ಟುಹೋದ ಚಪ್ಪಲಿಗಳು. ಅದರ ಕೆಳಗಿದ್ದದ್ದು ಜೂನ್ 4. ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು ಆರು ರನ್ನಿನಿಂದ ಸೋಲಿಸಿ ಬೆಂಗಳೂರು ತಂಡ ಹದಿನೆಂಟನೇ ವರ್ಷದಲ್ಲಿ ಮೊದಲ ಸಲ ಐಪಿಎಲ್ ಕ್ರಿಕೆಟ್ ಕಪ್ ಗೆದ್ದ ಸುದ್ದಿ. ನಡುರಾತ್ರಿ ಬೀದಿಗಿಳಿದು ಕುಣಿಯುತ್ತಿರುವ ಹುಡುಗ ಹುಡುಗಿಯರ ದೊಡ್ಡ ಫೋಟೋ.

ಊರಲ್ಲಿದ್ದವರಿಗೆಲ್ಲ ಗೆಲುವು ಮೊದಲು ಬಂತು, ಸಾವು ಆಮೇಲೆ ಬಂತು. ಈ ಕಟ್ಟಿನಲ್ಲಿ ನನಗೆ ಸಾವು ಮೊದಲು ಸಿಕ್ಕಿತು. ಆ ಕುಣಿಯುವ ಮುಖಗಳನ್ನು ನೋಡುವಾಗ ನನಗೆ ವಿಜಯೋತ್ಸವಕ್ಕೆ ಜನ ನೆರೆಯುವ ಮರುದಿನದ ಸಂಜೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಪತ್ರಿಕೆಯನ್ನು ಮಡಚಿಟ್ಟು ಅಮ್ಮನಿಗೆ ಫೋನ್ ಮಾಡಿದೆ.

ಯಾಕೆಂದರೆ ಆಗಷ್ಟೇ ಒಂದು ಮಾತು ನೆನಪಾಗಿತ್ತು. ಜೂನ್ 4ರ ರಾತ್ರಿ, ಪ್ರವಾಸದಲ್ಲಿದ್ದಾಗ, ಹಿಮಾಚಲದ ನಾರ್ಕಂಡಾದಿಂದ ಅಮ್ಮನಿಗೆ ಮಾತಾಡಿದಾಗ ಅವಳು, "ಅಣ್ಣನ ಮಗ ಮನೆಗೆ ಬಂದ. ಊಟ ಮಾಡಿ ಮಲಗಿದಾನೆ. ನೀನು ಹುಷಾರಾಗಿ ಬಾ" ಅಂದಿದ್ದಳು. ಇದನ್ನು ಯಾಕೆ ಹೇಳಿದಳು, ಅವನು ದಿನಾ ಮನೆಗೆ ಬರುವವನೇ ಅಲ್ಲವೇ ಅಂತ ಒಂದು ಕ್ಷಣ ಅನಿಸಿ ಮರೆತುಹೋಗಿತ್ತು. ಈಗ ಕೇಳಿದರೆ, ಆ ಹುಡುಗ ಅವತ್ತು ಕಬ್ಬನ್ ಪಾರ್ಕಿನವರೆಗೂ ಹೋಗಿದ್ದನಂತೆ. ಜನ ನೋಡಿ ಹೆದರಿ, ಮೆಟ್ರೋ ಅಲ್ಲಿ ನಿಲ್ಲದೆ, ಮೆಜೆಸ್ಟಿಕ್ಕಿನವರೆಗೂ ನಡೆದು, ಬಸ್ಸು ಹಿಡಿದು ವಿಜಯನಗರದ ಮನೆ ಸೇರುವಾಗ ರಾತ್ರಿ ಒಂಬತ್ತು. ಅಷ್ಟು ಹೊತ್ತೂ ಅವನ ಫೋನ್ ಸಿಕ್ಕಿರಲಿಲ್ಲ. "ಸುದ್ದಿ ಹೇಳಬೇಡಿ ಅಂತ ನೀನೇ ಹೇಳಿದ್ಯಲ್ಲ" ಅಂದಳು ಅಮ್ಮ. ಅಷ್ಟನ್ನೂ ಎದೆಯಲ್ಲಿ ಇಟ್ಟುಕೊಂಡು, ಹುಡುಗ ಊಟ ಮಾಡಿ ಮಲಗಿದ ಅನ್ನುವುದನ್ನಷ್ಟೇ ನನಗೆ ಹೇಳಿದ್ದಳು.

ಸುದ್ದಿ ಹೇಳಬೇಡಿ ಅಂತ ಹೇಳಿದ್ದು ನಿಜ. ಮೇ 7ರಿಂದ ಶುರುವಾದ ವಾರ ಹೇಗಿತ್ತು ಅಂತ ಎಲ್ಲರಿಗೂ ನೆನಪಿದೆ. ಪಾಕಿಸ್ತಾನದ ಗಡಿಯಲ್ಲಿ ಗುಂಡು, ಡ್ರೋನು, ಟೀವಿಯಲ್ಲಿ ರಾತ್ರಿಯಿಡೀ ಸೈರನ್ನು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಆ ವಾರ ಒಂದು ಕೋಳಿಮರಿಯನ್ನು ಸರಿಯಾಗಿ ಬರೆಯಲು ಆಗಲಿಲ್ಲ. ಪೆನ್ಸಿಲ್ ಹಿಡಿದರೆ ಗೆರೆ ನಡುಗುತ್ತಿತ್ತು. ಹಿಮಾಚಲದ ಸ್ಪಿತಿ ಕಣಿವೆಗೆ ಹೋಗುವ ಟಿಕೆಟ್ಟು ಜನವರಿಯಲ್ಲೇ ಆಗಿತ್ತು. ಮುಚ್ಚಿದ್ದ 32 ವಿಮಾನ ನಿಲ್ದಾಣಗಳ ಪಟ್ಟಿಯಲ್ಲಿ ಚಂಡೀಗಢವೂ ಇತ್ತು. ಮೇ 12ಕ್ಕೆ ಅವು ಮತ್ತೆ ತೆರೆದವು. ಮನೆಯಲ್ಲಿ ಯಾರಿಗೂ ನಾನು ಹೋಗುವುದು ಇಷ್ಟವಿರಲಿಲ್ಲ. ದಿನಾ ರಾತ್ರಿ ಎರಡು ನಿಮಿಷ ಫೋನ್ ಮಾಡುತ್ತೇನೆ, ಇಂಟರ್ನೆಟ್ ಆಫ್ ಮಾಡಿಡುತ್ತೇನೆ, ಯಾವ ಸುದ್ದಿಯನ್ನೂ ನನಗೆ ಹೇಳಬೇಡಿ ಎಂದು ಮಾತು ತೆಗೆದುಕೊಂಡು ಗೆಳತಿಯ ಜೊತೆ 17ರಂದು ಹೊರಟೆ.

ಪ್ರಯಾಣದ ಕತೆಯನ್ನು ಪೂರ್ತಿ ಹೇಳುವುದಿಲ್ಲ. ಶಿಮ್ಲಾ ದಾಟಿ, ಸಟ್ಲೆಜ್ ನದಿಯ ಬದಿಯಲ್ಲೇ ಕಿನ್ನೌರಿಗೆ ಹತ್ತಿ, ಕಲ್ಪಾ, ನಾಕೋ, ಟಾಬೋ, ಧಂಕರ್, ಕಾಜಾ. ಬಂದ ದಾರಿಯಲ್ಲೇ ವಾಪಸ್ಸು. ಹಸಿರು ನೋಡಿ ಬೆಳೆದ ಕಣ್ಣಿಗೆ ಆ ಬೋಳು ಗುಡ್ಡಗಳು ಮೊದಲೆರಡು ದಿನ ಸುಡುವಂತಿದ್ದವು. ಮುಂಗಾರು ಹಿಮಾಲಯದ ಗೋಡೆ ದಾಟಿ ಆ ಕಡೆ ಸುರಿಯುವುದು ಬಹಳ ಕಡಿಮೆ. ತಣ್ಣನೆಯ ಮರುಭೂಮಿ ಅದು. ಅಲ್ಲಿಯವರು ಜವೆಗೋಧಿಯನ್ನು ಹುರಿದು ಬೀಸಿದ ಹಿಟ್ಟನ್ನು ಚಹಾದಲ್ಲಿ ಕಲಸಿ ಉಂಡೆ ಮಾಡಿ ತಿನ್ನುತ್ತಾರೆ. ಬಾಯಿಗೆ ಹಾಕಿಕೊಂಡಾಗ ನಮ್ಮ ಹುರಿಹಿಟ್ಟಿನ ವಾಸನೆ ಬಂದು ಕಣ್ಣು ತುಂಬಿತು. ಊರು ಬಿಟ್ಟು ಆರೇ ದಿನವಾಗಿತ್ತು.

ಹೇಳಲೇಬೇಕಾದದ್ದು ಟಾಬೋ.

ಟಾಬೋದ ಬೌದ್ಧ ವಿಹಾರ ಕಟ್ಟಿದ್ದು ಕ್ರಿ.ಶ. 996ರಲ್ಲಿ. ಸಾವಿರ ವರ್ಷ ದಾಟಿದ ಕಟ್ಟಡ ಅಂದಾಗ ನನ್ನ ಮನಸ್ಸಿಗೆ ಕಲ್ಲು ಬಂದಿತ್ತು. ಹೋಗಿ ನೋಡಿದರೆ ಮಣ್ಣು. ಹಸಿ ಇಟ್ಟಿಗೆಯ ಗೋಡೆ, ಮೇಲೆ ಮಣ್ಣಿನದೇ ಗಿಲಾವು, ಮಣ್ಣಿನದೇ ಮಾಳಿಗೆ. ಹೊರಗಿನಿಂದ ನೋಡಿದರೆ ದೊಡ್ಡದೊಂದು ಹುತ್ತ. ಒಳಗೆ ಕಾಲಿಟ್ಟರೆ ಕತ್ತಲು. ಫೋಟೋ ತೆಗೆಯುವ ಹಾಗಿಲ್ಲ. ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಬೇಕು. ಆಮೇಲೆ ನಿಧಾನಕ್ಕೆ ಗೋಡೆಯಿಂದ ಒಬ್ಬೊಬ್ಬರೇ ಹೊರಗೆ ಬರುತ್ತಾರೆ. ಗೋಡೆಗೆ ಅಂಟಿದಂತೆ ಕೂತ ಜೇಡಿಮಣ್ಣಿನ ಮೂರ್ತಿಗಳು, ಅವುಗಳ ಕೆಳಗೆ ನಮ್ಮ ಕಣ್ಣಿನ ಎತ್ತರಕ್ಕೆ ಉದ್ದಕ್ಕೂ ಓಡುವ ಚಿತ್ರಪಟ್ಟಿ. ಒಂದು ಬದಿಯಲ್ಲಿ ಬುದ್ಧನ ಬದುಕು. ಇನ್ನೊಂದು ಬದಿಯಲ್ಲಿ ಸುಧನ.

ಸುಧನನ ಕತೆ ನನಗೆ ಗೊತ್ತಿರಲಿಲ್ಲ. ಟಾರ್ಚು ಹಿಡಿದು ಜೊತೆಗೆ ನಿಂತ ಲಾಮಾ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಒಬ್ಬ ಸಾಹುಕಾರನ ಮಗ, ಹುಡುಗ, ತಿಳಿವು ಬೇಕು ಅಂತ ದಕ್ಷಿಣದ ಕಡೆ ಹೊರಡುತ್ತಾನೆ. ಐವತ್ತಕ್ಕೂ ಹೆಚ್ಚು ಗುರುಗಳನ್ನು ಕಾಣುತ್ತಾನೆ. ಭಿಕ್ಷುಗಳಷ್ಟೇ ಅಲ್ಲ, ರಾಜ, ವ್ಯಾಪಾರಿ, ಸುಗಂಧ ಮಾರುವವನು, ನಾವಿಕ, ಹೆಣ್ಣುಮಕ್ಕಳು, ಚಿಕ್ಕ ಹುಡುಗ ಕೂಡ ಆ ಸಾಲಿನಲ್ಲಿದ್ದಾರೆ. ಪ್ರತಿಯೊಬ್ಬರೂ ತಮಗೆ ಗೊತ್ತಿರುವುದನ್ನು ಹೇಳಿ, ನನಗೆ ತಿಳಿದದ್ದು ಇಷ್ಟೇ, ಮುಂದಿನದಕ್ಕೆ ಇಂಥ ಊರಿನ ಇಂಥವರ ಹತ್ತಿರ ಹೋಗು ಎಂದು ದಾರಿ ತೋರಿಸುತ್ತಾರೆ. ಗೋಡೆಯ ಮೇಲೆ ಅದೇ ಹುಡುಗ ಮತ್ತೆ ಮತ್ತೆ ಬರುತ್ತಾನೆ. ಪ್ರತಿ ಸಲವೂ ಯಾರದೋ ಎದುರಿಗೆ, ಕೈಮುಗಿದು.

ಸಂಜೆ ತಂಗಿದ್ದ ಮನೆಯಲ್ಲಿ ಒಂದು ಇಂಗ್ಲಿಷ್ ಅನುವಾದ ಇತ್ತು. ಗಂಡವ್ಯೂಹ ಸೂತ್ರ. ತಿರುವಿ ಹಾಕುತ್ತಾ ಇದ್ದವಳು ಐದನೇ ಗುರುವಿನ ಊರಿನ ಹೆಸರು ನೋಡಿ ಎದ್ದು ಕೂತೆ. ವನವಾಸಿ.

ನಾನು ಸೊರಬದ ಕಡೆಯವಳು. ನಮ್ಮೂರಿನಿಂದ ಬನವಾಸಿಗೆ ಬಸ್ಸಿನಲ್ಲಿ ಗಂಟೆಯ ದಾರಿ. ಜಾತ್ರೆಗೆ ಹೋಗಿ ವರದಾ ನದಿಯಲ್ಲಿ ಕಾಲು ತೊಳೆದು, ಮಧುಕೇಶ್ವರನಿಗೆ ಕೈಮುಗಿದು ಬಂದವಳು. ಬನವಾಸಿ ಅಂದರೆ ನಮಗೆಲ್ಲ ಕದಂಬರು, ಮತ್ತೆ ಪಂಪ. ಬುದ್ಧನ ಮಾತು ಎಲ್ಲಿಂದ ಬರಬೇಕು? ಆದರೆ ಅದೇ ಗುಡಿಯಲ್ಲಿರುವ ಐದು ಹೆಡೆಯ ನಾಗರಕಲ್ಲಿನ ಪ್ರಾಕೃತ ಶಾಸನದಲ್ಲಿ ನಾಗ, ಕೆರೆ, ವಿಹಾರ ಮೂರನ್ನೂ ಮಾಡಿಸಿದ ಮಾತಿದೆ, ಕದಂಬರಿಗಿಂತ ಹಿಂದಿನದು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವನ್ನು ವನವಾಸಕ್ಕೆ ಕಳಿಸಿದ್ದನ್ನು ಸಿಂಹಳದ ಮಹಾವಂಶ ಹೇಳುತ್ತದೆ. ಮಹಾರಾಷ್ಟ್ರದ ಕಾರ್ಲಾ ಗುಹೆಯ ಬಾಗಿಲ ಹತ್ತಿರ, ಜಂಬೂದ್ವೀಪದಲ್ಲೇ ಉತ್ತಮವಾದ ಈ ಕಲ್ಲುಮನೆಯನ್ನು ಮುಗಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ ಎಂದು ಕೆತ್ತಿದ್ದಾರೆ. ವೈಜಯಂತಿ ಅಂದರೂ ಬನವಾಸಿಯೇ. ಇವೆಲ್ಲ ನಾನು ಕಾಲೇಜಿನಲ್ಲಿ ಚೂರುಚೂರಾಗಿ ಓದಿ ಮರೆತದ್ದು. ಮೂರು ಸಾವಿರ ಮೀಟರಿಗಿಂತ ಎತ್ತರದ ಒಂದು ಮಣ್ಣಿನ ಮನೆಯಲ್ಲಿ, ಕಂಬಳಿ ಹೊದ್ದು, ನಮ್ಮೂರ ಹೆಸರು ಓದುವಾಗ ಎಲ್ಲ ಒಟ್ಟಿಗೆ ಎದ್ದುಬಂದವು.

ಸೂತ್ರದ ವನವಾಸಿಯಲ್ಲಿರುವ ಗುರುವೂ ಒಬ್ಬ ಸೆಟ್ಟಿಯೇ, ಶ್ರೇಷ್ಠಿ ಮುಕ್ತಕ. ಸುಧನ ವರ್ಷಗಟ್ಟಲೆ ಅಲೆದು ಅವನ ಬಾಗಿಲಿಗೆ ಬರುತ್ತಾನೆ. ಮುಕ್ತಕ ಕೂತಲ್ಲೇ ಕಣ್ಣುಮುಚ್ಚುತ್ತಾನೆ. ಅವನ ಮೈಯೊಳಗೆ ಹತ್ತು ದಿಕ್ಕಿನ ಬುದ್ಧರೂ ಅವರವರ ಲೋಕಗಳೂ ಕಾಣುತ್ತವೆ. ಆಮೇಲೆ ಅವನು ಹೇಳುವುದರ ಸಾರ ಇದು: ಯಾವ ಬುದ್ಧನನ್ನು ನೋಡಬೇಕೆಂದರೂ ನಾನು ನೋಡಬಲ್ಲೆ, ಆದರೆ ಅವರು ಇಲ್ಲಿಗೆ ಬರುವುದೂ ಇಲ್ಲ, ನಾನು ಅಲ್ಲಿಗೆ ಹೋಗುವುದೂ ಇಲ್ಲ.

ನಡೆದು ನಡೆದು ಬಂದ ಹುಡುಗನಿಗೆ ಎಲ್ಲಿಗೂ ಹೋಗದವನು ಸಿಗುವುದು ನಮ್ಮ ಬನವಾಸಿಯಲ್ಲಿ! ಆ ರಾತ್ರಿ ನಿದ್ದೆ ಬರಲಿಲ್ಲ. ಟಾಬೋದಲ್ಲಿ ಎರಡು ದಿನ ಇರುವುದೆಂದು ಹೋದವರು ನಾಲ್ಕು ದಿನ ಉಳಿದೆವು. ದಿನಾ ಬೆಳಿಗ್ಗೆ ಒಳಗೆ ಹೋಗಿ ನೋಡುವುದು, ಹೊರಗೆ ಬಂದು ಬಿಸಿಲಿನಲ್ಲಿ ಕೂತು ನೆನಪಿನಿಂದ ಬರೆಯುವುದು. ಫೋಟೋ ಇಲ್ಲದ್ದರಿಂದ ಕಣ್ಣು ಹಿಡಿದದ್ದಷ್ಟೇ ಕಾಗದಕ್ಕೆ ಬಂತು. ಗೆರೆ ನಡುಗುವುದು ಎರಡನೇ ದಿನಕ್ಕೆ ನಿಂತಿತ್ತು.

ಈಗ ಮತ್ತೆ ಪತ್ರಿಕೆಗಳಿಗೆ.

ಅಮ್ಮನ ಫೋನಾದ ಮೇಲೆ ನಾನು ಸ್ಕೆಚ್ ಪುಸ್ತಕವನ್ನು ಚೀಲದಿಂದ ತೆಗೆದು ಪಕ್ಕದಲ್ಲಿ ಇಟ್ಟುಕೊಂಡೆ. ಪ್ರತಿ ಪುಟದ ಮೂಲೆಯಲ್ಲಿ ತಾರೀಖು ಬರೆಯುವುದು ನನ್ನ ಅಭ್ಯಾಸ. ಒಂದು ಕೈಯಲ್ಲಿ ಪತ್ರಿಕೆ, ಇನ್ನೊಂದರಲ್ಲಿ ಅದೇ ದಿನದ ಚಿತ್ರ. ಜೂನ್ 4ರ ನನ್ನ ಪುಟದಲ್ಲಿ ಚೆರ್ರಿ ಹಣ್ಣಿನ ಪೆಟ್ಟಿಗೆ ಇದೆ. ಅವತ್ತು ಬೆಳಿಗ್ಗೆ ನಮ್ಮ ಡ್ರೈವರ್, ರಾಂಪುರದ ಹತ್ತಿರದವರು, ಗಾಡಿ ನಿಲ್ಲಿಸಿ ರಸ್ತೆಬದಿಯಲ್ಲಿ ಒಂದು ಪೆಟ್ಟಿಗೆ ಚೆರ್ರಿ ಕೊಂಡು ತಂದು ನಮ್ಮ ಮಡಿಲಿಗೆ ಇಟ್ಟಿದ್ದರು. "ಆಪ್ಕಾ ಬ್ಯಾಂಗ್ಲೋರ್ ಜೀತ್ ಗಯಾ" ಅಂತ ಅವರ ಮುಖವೆಲ್ಲ ನಗು. ಇಪ್ಪತ್ತು ದಿನದಲ್ಲಿ ನನ್ನ ಕಿವಿಗೆ ಬಿದ್ದ ಒಂದೇ ಸುದ್ದಿ ಅದು. ನಾನು ಕೆಂಪು ಬಣ್ಣ ಕಲಸಿ ಹಣ್ಣು ಬರೆಯುತ್ತಿದ್ದದ್ದು ಸಂಜೆ ಐದರ ಸುಮಾರಿಗೆ. ಆ ಪುಟವನ್ನು ಈಗ ಹರಿಯಲೂ ಆಗುತ್ತಿಲ್ಲ, ನೋಡಲೂ ಆಗುತ್ತಿಲ್ಲ. ಇರಲಿ ಅಂತ ಬಿಟ್ಟಿದ್ದೇನೆ. ಆ ಡ್ರೈವರಿನ ಸಂತೋಷ ಸುಳ್ಳಾಗಿರಲಿಲ್ಲ.

ಮೇ 31ರ ಪತ್ರಿಕೆ ತೆಗೆದಾಗ ರಾತ್ರಿ ಹತ್ತಾಗಿತ್ತು. ಎಚ್.ಎಸ್. ವೆಂಕಟೇಶಮೂರ್ತಿ ಇಲ್ಲ. ಹಿಂದಿನ ದಿನ ಬೆಂಗಳೂರಿನಲ್ಲಿ ತೀರಿಕೊಂಡಿದ್ದರು. 1944ರ ಜೂನ್ 23ರಂದು ಚನ್ನಗಿರಿ ತಾಲೂಕಿನ ಹೋದಿಗ್ಗೆರೆಯಲ್ಲಿ ಹುಟ್ಟಿದವರು. ಇನ್ನು ಇಪ್ಪತ್ತನಾಲ್ಕು ದಿನ ಇದ್ದಿದ್ದರೆ 81 ತುಂಬುತ್ತಿತ್ತು. 2020ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದದ್ದು, ಭಾವಗೀತೆಗಳು, ಧಾರಾವಾಹಿಯ ಶೀರ್ಷಿಕೆ ಹಾಡುಗಳು, ಎಲ್ಲ ಪತ್ರಿಕೆಯಲ್ಲಿ ಇತ್ತು. ನನಗೆ ಅವರು ಮಕ್ಕಳ ಕವಿ. ನಾಲ್ಕನೇ ಕ್ಲಾಸಿನಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಅವರದೊಂದು ಪದ್ಯಕ್ಕೆ ಕುಣಿದಿದ್ದೆ, ಅಕ್ಕನ ಲಂಗ ಉಟ್ಟುಕೊಂಡು. ದೊಡ್ಡವರ ಮೇಲೆ ದೂರು ಹೇಳುವ ಮಗುವಿನ ದನಿಯನ್ನು ಅವರಷ್ಟು ಪ್ರೀತಿಯಿಂದ ಬರೆದವರು ಕಡಿಮೆ. ಮಕ್ಕಳಿಗೆ ಬರೆಯುವುದೆಂದರೆ ಬುದ್ಧಿ ಹೇಳುವುದಲ್ಲ, ಅವರ ಜೊತೆ ಸೇರಿ ತಪ್ಪಿಸಿಕೊಳ್ಳುವುದು ಎಂದು ನಾನು ಕಲಿತದ್ದೇ ಅವರಿಂದ.

ಮೇ 30ರ ನನ್ನ ಪುಟದಲ್ಲಿ ಆನೆಗಳು. ಒಂದಲ್ಲ, ಏಳು. ಅವತ್ತು ಲಾಂಗ್‌ಜಾ ಹಳ್ಳಿಯಲ್ಲಿದ್ದೆವು. ಎಂದೋ ಸಮುದ್ರವಾಗಿದ್ದ ನೆಲ, ಶಂಖದಂತೆ ಸುರುಳಿ ಸುತ್ತಿದ ಕಲ್ಲಾದ ಜೀವಿಗಳು ಅಲ್ಲಿ ಮಣ್ಣಿನಲ್ಲಿ ಸಿಗುತ್ತವೆ. ಅಲ್ಲಿನ ಮಕ್ಕಳು ಆನೆ ನೋಡಿರಲಿಲ್ಲ. ನಾನು ಬರೆದೆ. ಒಬ್ಬೊಬ್ಬರಿಗೂ ಒಂದೊಂದು ಬೇಕು ಅಂದರು. ಬರೆದೆ. ಕಿವಿ ದೊಡ್ಡದಾಯಿತು ಅಂತ ಒಬ್ಬ ಹುಡುಗಿ ಜಗಳ ತೆಗೆದಳು, ಆನೆ ನೋಡದವಳು! ಅವಳ ಮಾತಿಗೆ ಚಿಕ್ಕ ಕಿವಿಯ ಆನೆಯನ್ನೂ ಬರೆದೆ. ಮಕ್ಕಳ ಕವಿ ಹೋದ ದಿನ ನಾನು ಮಕ್ಕಳ ನಡುವೆ ಇದ್ದೆ ಎಂದು ತಿಳಿದದ್ದು ಒಂದು ವಾರದ ನಂತರ, ಜಯನಗರದ ನೆಲದ ಮೇಲೆ ಕೂತು. ಅನ್ನ ಆರಿಹೋಗಿತ್ತು. ಮೊಸರು ಹಾಕಿಕೊಂಡು ತಿಂದೆ.

ನಡುವಿನ ಪತ್ರಿಕೆಗಳನ್ನು ಬೇಗ ಬೇಗ ತಿರುವಿದೆ. ಕನ್ನಡ ಎಲ್ಲಿಂದ ಹುಟ್ಟಿತು ಎಂಬ ಜಗಳ ಹಲವು ದಿನ ಓಡಿತ್ತು, ಅದಕ್ಕೆ ಎಷ್ಟು ಪುಟ ಬೇಕಿತ್ತೋ ಅದಕ್ಕಿಂತ ಹೆಚ್ಚೇ ಖರ್ಚಾಗಿತ್ತು. ಮಂಗಳೂರಿನ ಕಡೆ ಗುಡ್ಡ ಕುಸಿದು ಮನೆಯೊಳಗಿದ್ದವರು ಹೋಗಿದ್ದರು. ಮೇ 25ರ ಪತ್ರಿಕೆಯಲ್ಲಿ, ಮುಂಗಾರು ಹಿಂದಿನ ದಿನವೇ ಕೇರಳಕ್ಕೆ ಬಂದದ್ದು, ವಾಡಿಕೆಗಿಂತ ಎಂಟು ದಿನ ಮೊದಲು, 2009ರ ನಂತರ ಇಷ್ಟು ಬೇಗ ಬಂದದ್ದಿಲ್ಲ. ಇನ್ನೆರಡು ದಿನಕ್ಕೆ ಅದು ಬೆಂಗಳೂರನ್ನೂ ದಾಟಿ ಮುಂಬೈ ಮುಟ್ಟಿತ್ತು. ಮೇ 24ರ ನನ್ನ ಪುಟದಲ್ಲಿ ಟಾಬೋದ ಮಣ್ಣಿನ ಮಾಳಿಗೆ, ಅದರ ಮೇಲೆ ಒಣಗಿದ ಮುಳ್ಳಿನ ಹೊರೆ. ಮಳೆಯೇ ಬರಬಾರದ ಒಂದು ಊರಿನ ಚಿತ್ರ.

ಮತ್ತೆ ಮೇ 22.

ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್. ಲಂಡನ್ನಿನಲ್ಲಿ 20ರ ರಾತ್ರಿ ಘೋಷಣೆಯಾದಾಗ ನಮ್ಮಲ್ಲಿ ಆಗಲೇ ನಡುರಾತ್ರಿ ದಾಟಿ 21 ಆಗಿತ್ತು, ಹಾಗಾಗಿ ಪೂರ್ತಿ ಸುದ್ದಿ 22ಕ್ಕೆ. ಮುಖಪುಟದಲ್ಲಿ ಹಾಸನದ ಲೇಖಕಿ, ಪಕ್ಕದಲ್ಲಿ ಅನುವಾದಕಿ ದೀಪಾ ಭಾಸ್ತಿ. ಕನ್ನಡದಿಂದ ಹೋದ ಪುಸ್ತಕಕ್ಕೆ ಇದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೂ ಇದೇ ಮೊದಲು. 1990ರಿಂದ 2023ರವರೆಗೆ ಬರೆದ ಕಥೆಗಳಲ್ಲಿ ಆರಿಸಿದ ಹನ್ನೆರಡು. 50,000 ಪೌಂಡಿನ ಬಹುಮಾನ ಬರೆದವರಿಗೂ ಅನುವಾದ ಮಾಡಿದವರಿಗೂ ಸಮಪಾಲು.

ರಾತ್ರಿ ಹನ್ನೊಂದು ಗಂಟೆಗೆ ಒಬ್ಬಳೇ ಕೂತು ಚಪ್ಪಾಳೆ ಹೊಡೆದೆ. ಊರೆಲ್ಲ ಹಬ್ಬ ಮಾಡಿ ಮುಗಿಸಿ ಹದಿನೈದು ದಿನವಾಗಿತ್ತು. ನನ್ನ ಹಬ್ಬ ಅವತ್ತು. ಮೇಲಿಂದ ಕೆಳಕ್ಕೆ ಓದಿದ್ದರಿಂದ ಸಾವುಗಳನ್ನೆಲ್ಲ ದಾಟಿ ಕೊನೆಗೆ ಈ ಸುದ್ದಿ ಸಿಕ್ಕಿತು. ಮಸೀದಿಯ ಹಿಂದಿನ ಬೀದಿಯ, ಹೆರಿಗೆ ಕೋಣೆಯ, ಅಡುಗೆಮನೆಯ ಹೆಣ್ಣುಮಕ್ಕಳ ಮಾತುಗಳು ಅಷ್ಟು ದೂರ ಹೋದವು ಅನ್ನುವುದಕ್ಕೆ ಇನ್ನೂ ಮೈ ಝುಂ ಅನ್ನುತ್ತದೆ. ಆ ರಾತ್ರಿ ನಾನು ಕಲ್ಪಾದಲ್ಲಿದ್ದೆ. ಪುಟದಲ್ಲಿ ಕಿನ್ನರ ಕೈಲಾಸದ ಶಿಖರ, ಸಂಜೆ ಬೆಳಕು, ಅರ್ಧಕ್ಕೇ ನಿಂತ ಚಿತ್ರ.

ದೀಪಾ ಅವರ ಅನುವಾದದ ಬಗ್ಗೆ ಓದಿದ್ದೇ ನನ್ನ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ಒದಗಿತು. ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಅವರು ಓರೆ ಅಕ್ಷರದಲ್ಲಿ ಎತ್ತಿ ತೋರಿಸಿಲ್ಲ, ಅಡಿಟಿಪ್ಪಣಿ ಕೊಟ್ಟು ಬಿಡಿಸಿಲ್ಲ. ಓದುವವರು ಪದದ ಹತ್ತಿರ ಬರಲಿ ಅನ್ನುವ ನಂಬಿಕೆ ಅದು. ನಾನು ಇಷ್ಟು ವರ್ಷ ನಗರದ ಮಕ್ಕಳಿಗೆ ಗೊತ್ತಾಗಲಿ ಎಂದು ನಮ್ಮ ಕಡೆಯ ಕೊಟ್ಟೆ, ಮಳೆಗೆ ತಲೆಯಿಂದ ಹೊದ್ದುಕೊಳ್ಳುವ ಕಂಬಳಿ ಕೊಪ್ಪೆ, ಅಡಿಕೆ ಹಾಳೆಯ ಟೊಪ್ಪಿಯನ್ನೆಲ್ಲ ಚಿತ್ರದಿಂದ ತೆಗೆದುಹಾಕುತ್ತಾ ಬಂದವಳು. ಛತ್ರಿ ಬರೆದರೆ ಎಲ್ಲರಿಗೂ ತಿಳಿಯುತ್ತದೆ ಎಂದು ಛತ್ರಿ ಬರೆದವಳು.

ಹೊರಡುವ ಮುಂಚೆ ಗೋಡೆಗೆ ಅಂಟಿಸಿದ್ದ ಚೀಟಿಯಲ್ಲಿ ನಾಲ್ಕು ಕೆಲಸಗಳಿದ್ದವು. ಒಂದು ಪ್ರಕಾಶನಕ್ಕೆ ಕೊಡಬೇಕಾದ ಹದಿನಾರು ಪುಟದ ಮಳೆಯ ಪುಸ್ತಕ, ಅಕ್ಷರದ ಕಾರ್ಡುಗಳು, ತಿಂಗಳಿಗೊಂದು ಚಿತ್ರಪತ್ರ, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಜೊತೆ "ಚಿತ್ತಾರ". ಮಳೆಯ ಪುಸ್ತಕವನ್ನು ಮುಗಿಸಬೇಕು, ಒಪ್ಪಿಕೊಂಡ ಕೆಲಸ. ಛತ್ರಿಗಳನ್ನು ಅಳಿಸಿ ಕಂಬಳಿ ಕೊಪ್ಪೆ ಹಾಕುತ್ತಿದ್ದೇನೆ. ಕಾರ್ಡು, ಚಿತ್ರಪತ್ರ ಎರಡನ್ನೂ ಹೊಡೆದುಹಾಕಿದೆ. ಪ್ರಶ್ನಾರ್ಥಕ ಚಿಹ್ನೆಯನ್ನೂ ಹೊಡೆದುಹಾಕಿದೆ.

ಚಿತ್ತಾರ ನಮ್ಮ ದೀವರ ಸಮುದಾಯದ ಮನೆಗಳ ಹೆಂಗಸರು ಗೋಡೆಗೆ ಬರೆಯುವುದು. ಕೆಮ್ಮಣ್ಣು ಸಾರಿಸಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ. ಮದುವೆಯಲ್ಲಿ ಗಂಡು ಹೆಣ್ಣು ಹಸೆಗೆ ಕೂರುವ ಜಾಗದ ಹಿಂದಿನ ಗೋಡೆಗೆ ಹಸೆ ಚಿತ್ತಾರ, ಹಬ್ಬಕ್ಕೆ ತೇರಿನ ಚಿತ್ತಾರ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ. ಎಲ್ಲ ಎಳೆಗಳ ಲೆಕ್ಕ. ಎಳೆ ತಪ್ಪಿದರೆ ಗೋಡೆಯೇ ವಾಲಿದಂತೆ ಕಾಣುತ್ತದೆ. ನನ್ನ ದೊಡ್ಡಮ್ಮನ ಕೈ ಊರಿಗೆಲ್ಲ ಹೆಸರಾಗಿತ್ತು. ಯಾರ ಮನೆಯಲ್ಲಿ ಮದುವೆ ಆದರೂ ಕರೆ ಬರುತ್ತಿತ್ತು. ನಾನು ಪಕ್ಕದಲ್ಲಿ ಕೂತು ಅಕ್ಕಿ ಹಿಟ್ಟಿನ ಬಟ್ಟಲು ಹಿಡಿದುಕೊಂಡದ್ದೇ ಹೊರತು ಕುಂಚ ಹಿಡಿದದ್ದು ಕಡಿಮೆ. ಆಮೇಲೆ ಬೆಂಗಳೂರಿಗೆ ಬಂದು ಚಿತ್ರಕಲೆ ಕಲಿತೆ, ದೊಡ್ಡಮ್ಮನ ಮನೆಯ ಗೋಡೆಗೆ ಸಿಮೆಂಟು ಬಂತು, ಅದರ ಮೇಲೆ ಪೇಂಟು ಬಂತು.

ಟಾಬೋದಲ್ಲಿ ನನಗೆ ಅನಿಸಿದ್ದು ಸರಳ. ಸುಧನ ವನವಾಸಿಗೆ ಬಂದ ಆ ಒಂದು ಪುಟದ ಕತೆಯನ್ನು ಮಕ್ಕಳ ಪುಸ್ತಕ ಮಾಡಬೇಕು. ಅಲ್ಲಿಯ ಗೋಡೆಯ ಶೈಲಿಯಲ್ಲಿ ಅಲ್ಲ, ವನವಾಸಿಯ ಶೈಲಿಯಲ್ಲಿ. ಹುಡುಗ ವರದಾ ನದಿ ದಾಟಿ ಬರಲಿ, ಬತ್ತದ ಗದ್ದೆಯ ಅಂಚಿನಲ್ಲಿ ನಡೆಯಲಿ, ಸೆಟ್ಟಿಯ ಮನೆಯ ಕೆಮ್ಮಣ್ಣಿನ ಗೋಡೆಯ ಎದುರು ಕೈಮುಗಿದು ನಿಲ್ಲಲಿ. ಸೆಟ್ಟಿ ಕಣ್ಣುಮುಚ್ಚಿದಾಗ ಹಿಂದಿನ ಗೋಡೆಯಲ್ಲಿ ಹತ್ತು ದಿಕ್ಕಿನ ಲೋಕಗಳು ಎಳೆ ಎಳೆಯಾಗಿ ಬಿಚ್ಚಿಕೊಳ್ಳಲಿ. ಚಿತ್ತಾರಕ್ಕೆ ಅದಕ್ಕಿಂತ ಒಳ್ಳೆಯ ಕೆಲಸ ಇನ್ನೇನಿದೆ? ಎಲ್ಲಿಗೂ ಹೋಗದೆ ಎಲ್ಲವನ್ನೂ ನೋಡಿದ ಹೆಂಗಸರು ಬರೆದ ಗೆರೆಗಳು ಅವು. ದೊಡ್ಡಮ್ಮ ಸಾಗರ ಪೇಟೆಯಿಂದ ಆಚೆ ಹೋದದ್ದು ಎರಡೇ ಸಲ.

ಪತ್ರಿಕೆ ಓದಿದ ರಾತ್ರಿಯ ನಂತರ ಆ ಯೋಜನೆಗೆ ಇನ್ನೊಂದು ಸೇರಿದೆ. ಸೆಟ್ಟಿ ಕಣ್ಣುಮುಚ್ಚಿದಾಗ ಕಾಣುವ ಲೋಕಗಳಲ್ಲಿ ಬರೀ ಬುದ್ಧರು ಇರುವುದಿಲ್ಲ. ಏಳು ಆನೆ ಕೇಳುವ ಮಕ್ಕಳು, ರಾತ್ರಿ ಒಂಬತ್ತಕ್ಕೆ ಮನೆ ಸೇರಿದ ಹುಡುಗನಿಗೆ ಅನ್ನ ಬಡಿಸುವ ಅಜ್ಜಿ, ಬೀದಿಯಲ್ಲಿ ಒಂಟಿಯಾಗಿ ಬಿದ್ದ ಚಪ್ಪಲಿ, ಎಲ್ಲ ಅಲ್ಲಿರಬೇಕು. ಮಕ್ಕಳ ಪುಸ್ತಕದಲ್ಲಿ ಆ ಚಪ್ಪಲಿ ಬೇಕೇ ಎಂದು ಗೆಳತಿ ಕೇಳಿದಳು. ಬೇಕು. ಒಂದೇ ಒಂದು, ಮೂಲೆಯಲ್ಲಿ. ಕೇಳುವ ಮಗುವಿಗೆ ಮನೆಯವರು ಹೇಳಲಿ.

ಒಂದು ಕಡೆ ಮಾತ್ರ ಸಿಕ್ಕಿಕೊಂಡೆ. ಟಾಬೋದ ಗೋಡೆಗಳಲ್ಲಿ ಕಣ್ಣಿಗೆ ಹತ್ತುವುದು ನೀಲಿ. ಕತ್ತಲಲ್ಲೂ ಒಳಗಿನಿಂದ ಬೆಳಗುವಂಥ ನೀಲಿ. ಚಿತ್ತಾರದಲ್ಲಿ ನೀಲಿಯೇ ಇಲ್ಲ. ಹತ್ತು ದಿಕ್ಕಿನ ಲೋಕಗಳ ಪುಟದಲ್ಲಾದರೂ ಆ ನೀಲಿ ತರಬಹುದೇ ಎಂದು ಮೂರು ದಿನ ಯೋಚಿಸಿ, ಕೊನೆಗೆ ಭಾನುವಾರ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅವರಿಗೆ ಕಿವಿ ಮಂದವಾಗಿದೆ. ಕತೆಯನ್ನೆಲ್ಲ ಕೂಗಿ ಹೇಳಿದೆ.

"ಅಲ್ಲೂ ಮಣ್ಣಿಂದೇ ಗ್ವಾಡೆಯಾ?" ಎಂದು ಕೇಳಿದರು. ಹೌದು ಅಂದೆ. "ಸಾವಿರ ವರ್ಷದ್ದಾ? ಮಳೆ ಬಂದ್ರೆ ಏನ್ ಮಾಡ್ತಾರೆ?"

ಮಳೆ ಬರುವುದೇ ಅಪರೂಪ, ಹಿಮ ಬಿದ್ದರೆ ಮಾಳಿಗೆ ಹತ್ತಿ ಗೂಡಿಸಿ ಕೆಳಗೆ ಹಾಕುತ್ತಾರೆ, ಈಗೀಗ ಮಳೆ ಬಂದರೆ ಸೋರುತ್ತದೆ ಎಂಬ ಚಿಂತೆ ಅವರಿಗೂ ಶುರುವಾಗಿದೆ ಎಂದು ಹೇಳಿದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ಹಿಂದೆ ಮಳೆಯ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ನೀಲಿಯ ಬಗ್ಗೆ ಕೇಳಿದೆ.

"ಮನೆ ಸುತ್ತ ಸಿಗದೇ ಇರೋ ಬಣ್ಣ ಗ್ವಾಡೆಗೆ ಯಾಕೆ ಮಗಾ?" ಅಂದರು. ನಾನು ಏನೂ ಹೇಳಲಿಲ್ಲ. ಅವರೇ ಮುಂದುವರಿಸಿದರು. "ಈಗ ಬರಬ್ಯಾಡ. ಈ ಮಳೇಲಿ ಕೆಮ್ಮಣ್ಣು ಬಳಿದ್ರೆ ಒಣಗೂದಿಲ್ಲ. ಭೂಮಿ ಹುಣ್ಣಿಮೆಗೆ ಎಂಟು ದಿನ ಮೊದ್ಲೇ ಬಾ. ಮೊದ್ಲು ಬುಟ್ಟಿ ಮ್ಯಾಲೆ ಬರಿ, ಕೈ ಕೂರ್ಲಿ. ಆಮೇಲೆ ಹಿತ್ಲು ಕಡೆ ಕೊಟ್ಟಿಗೆ ಗ್ವಾಡೆ ಇನ್ನೂ ಮಣ್ಣಿಂದೇ ಐತೆ. ಸೆಟ್ಟಿ ಮನೆ ಅಲ್ಲಿ ಬರಿಯೂಣಂತೆ."

ಸೆಪ್ಟೆಂಬರ್ ಕೊನೆಯ ವಾರಕ್ಕೆ ಸೊರಬದ ಬಸ್ಸಿಗೆ ಟಿಕೆಟ್ ಮಾಡಿಸಬೇಕು. ಪತ್ರಿಕೆಯ ಕಟ್ಟನ್ನು ರದ್ದಿಗೆ ಹಾಕಿಲ್ಲ, ಈಗ ಮಗುಚಿ ಕಟ್ಟಿಟ್ಟಿದ್ದೇನೆ, ಮೇ 18 ಮೇಲೆ. ಪುಂಡಿ ನಾರು ಇಲ್ಲಿ ಎಲ್ಲೂ ಸಿಗಲಿಲ್ಲ. ದೊಡ್ಡಮ್ಮ ಯಾರ ಕೈಯಲ್ಲಾದರೂ ಒಂದು ಹಿಡಿ ಕಳಿಸುತ್ತೇನೆ ಅಂದಿದ್ದಾರೆ. ಅದು ಬರುವವರೆಗೆ ದಿನಾ ರಾತ್ರಿ ಒಂದು ಹಿಡಿ ಅಕ್ಕಿ ನೆನೆಹಾಕಿ, ಬೆಳಿಗ್ಗೆ ಅರೆದು, ಕಂದು ಕಾಗದದ ಮೇಲೆ ಒಂದೆಳೆ, ಎರಡೆಳೆ ಎಳೆಯುತ್ತಿದ್ದೇನೆ.